ಲಾಯರ್ ಮನೆಗೆ ಬಂದ ಬೀಗಿತ್ತಿ

ಹನಗೋಡಿನ ಸುತ್ತಮುತ್ತ ನನ್ನ ಅಕ್ಕನ ಕತೆ ಹೇಳುವವರೆಲ್ಲ ಒಂದೇ ತರ ಹೇಳುತ್ತಾರೆ. ಮಕ್ಕಳಾಗದ ಸೊಸೆಯನ್ನು ತೊಲಗಿಸಲು ಅವಳ ಅತ್ತೆಯೇ ಮುಂದೆ ನಿಂತು ಲಾಯರ್ ಹಿಡಿಸಿದಳಂತೆ, ಕೋರ್ಟಿನಲ್ಲಿ ಸಾಕ್ಷಿ ಹೇಳಿ ಸಂಬಂಧ ಕಡಿಸಿದಳಂತೆ, ಪಾಪ ನಮ್ಮಪ್ಪ ಮೋಸಹೋದನಂತೆ. ಹೊಳೆಯ ಬಳಿ ಬಟ್ಟೆ ಒಗೆಯುವವರೂ ಹೀಗೇ ಹೇಳುತ್ತಾರೆ, ಹುಣಸೂರಿನ ಸಂತೆ ಮುಗಿಸಿ ಗಾಡಿಯಲ್ಲಿ ಮರಳುವವರೂ ಹೀಗೇ ಹೇಳುತ್ತಾರೆ. ಹತ್ತು ಬಾಯಿ ಹೇಳಿದ ಮಾತ್ರಕ್ಕೆ ಒಂದು ಮಾತು ನಿಜವಾಗುವುದಿಲ್ಲವೆಂದು ಕಾಲೇಜಿನ ಚರ್ಚಾಕೂಟದಲ್ಲಿ ನನಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು. ಆದ್ದರಿಂದ ಕೇಳುತ್ತೇನೆ. ಲಾಯರನ್ನು ಹಿಡಿಯುವ ಹೊತ್ತಿಗೆ ಅಕ್ಕ ಗಂಡನ ಮನೆ ಬಿಟ್ಟು ಬಂದು ವರ್ಷವಾಗುತ್ತ ಬಂದಿತ್ತು. ನಮ್ಮ ನಡುಮನೆಯಲ್ಲಿ ಕುಳಿತು ರಾಗಿ ಕೇರುತ್ತಿದ್ದಳು. ತಾನಾಗಿ ಹೋದ ಸೊಸೆಯನ್ನು ಕಳಿಸುವುದಕ್ಕೆ ಯಾವ ಅತ್ತೆ ಮೈಸೂರಿನ ಕೋರ್ಟಿನವರೆಗೆ ಬಸ್ಸು ಹತ್ತುತ್ತಾಳೆ?

ಆ ಹೆಂಗಸಿನ ಉಪಕಾರ ನಮ್ಮ ಮನೆಯ ಮೇಲಿದೆ. ಅದನ್ನು ತೀರಿಸುವ ದಾರಿ ನನಗೆ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುವುದಷ್ಟೇ ನನ್ನ ಕೈಲಾಗುವುದು.

ಅಕ್ಕನನ್ನು ಪಿರಿಯಾಪಟ್ಟಣದ ಕಡೆಗೆ, ಹೊಗೆಸೊಪ್ಪು ಬೆಳೆಯುವ ಮನೆಗೆ ಕೊಟ್ಟಿದ್ದರು. ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದ ಮಾಡುವ ಎತ್ತರದ ಮಣ್ಣುಗೋಡೆಯ ಮನೆಗೆ ಆ ಕಡೆ ಬ್ಯಾರನ್ ಎನ್ನುತ್ತಾರೆ. ಬ್ಯಾರನ್ನಿಗೆ ಏರಿಸುವ ಮುಂಚೆ ಹಸಿ ಎಲೆಗಳನ್ನು ಕಡ್ಡಿಗಳಿಗೆ ಕಟ್ಟಬೇಕು. ಅಕ್ಕನ ಕೈ ಆ ಕೆಲಸಕ್ಕೆ ಎಷ್ಟು ಕುದುರಿತ್ತೆಂದರೆ, ಅವಳು ಮಾತಾಡುತ್ತ ಎಲ್ಲೋ ನೋಡುತ್ತಿದ್ದರೂ ಬೆರಳುಗಳು ತಮ್ಮ ಪಾಡಿಗೆ ಗಂಟು ಹಾಕುತ್ತಿದ್ದವು. ಮದುವೆಯಾಗಿ ಕೆಲವು ವರ್ಷ ಮಕ್ಕಳಾಗಲಿಲ್ಲ. ಭಾವ ಇನ್ನೊಬ್ಬಳನ್ನು ಮದುವೆಯಾದ. ಎರಡನೆಯ ಹೆಂಡತಿಯನ್ನು ತರುವುದಕ್ಕೆ ಆಗ ನಮ್ಮಲ್ಲಿ ಅಡ್ಡಿಯಿರಲಿಲ್ಲ. ಅಡ್ಡಿ ಹಾಕುವ ಕಾನೂನು ಬಂದದ್ದು ಅದರ ಮರುವರ್ಷ. ಹೊಸಬಳು ಅಡುಗೆಮನೆ ಸೇರಿದಳು, ಅಕ್ಕ ಬ್ಯಾರನ್ ಸೇರಿದಳು. ಕಾನೂನು ಬಂದ ವರ್ಷ ಗೌರಿಹಬ್ಬದ ಬಾಗಿನಕ್ಕೆಂದು ತವರಿಗೆ ಬಂದವಳು ಹಿಂತಿರುಗಲಿಲ್ಲ.

ಮಾರನೆಯ ಶ್ರಾವಣದಲ್ಲಿ ಭಾವ ಗಾಡಿ ಕಟ್ಟಿಕೊಂಡು ಬಂದ. ನಾನು ಭಾನುವಾರಕ್ಕೆಂದು ಮೈಸೂರಿನಿಂದ ಊರಿಗೆ ಬಂದಿದ್ದೆ. ಗಾಡಿಯ ಸದ್ದು ಕೇಳಿದ್ದೇ ತಡ, ಅಕ್ಕ ಏಣಿ ಹಾಕಿಕೊಂಡು ಅಟ್ಟ ಹತ್ತಿದಳು. ಭಾವ ಜಗಲಿಯ ಮೇಲೆ ಕುಳಿತು, ಕೊಟ್ಟ ನೀರು ಕುಡಿದು, ನೇರವಾಗಿ ವಿಷಯಕ್ಕೆ ಬಂದ.

“ಸೊಪ್ಪು ಮುರಿಯೋ ಕಾಲ ಮಾವ. ಅವ್ಳನ್ನ ಕಳ್ಸಿ.”

“ಅವ್ಳಿಗೆ ಮನಸಿಲ್ಲ ಕಣಪ್ಪಾ,” ಎಂದ ಅಪ್ಪ.

“ಮನಸು ಯಾರ್ ಕೇಳಿದ್ರು ಮಾವ? ಕೈ ಬೇಕು.”

ಈ ಮಾತು ಅಟ್ಟದವರೆಗೆ ಕೇಳಿಸಿತ್ತು. ಒಂದು ದಿನ ಸೇರಿ ನ್ಯಾಯ ಮಾಡೋಣವೆಂದು ಹೇಳಿ ಅಪ್ಪ ಅವನನ್ನು ಸಾಗಹಾಕಿದ ಮೇಲೆ ಅಕ್ಕ ತಲೆಯೆಲ್ಲ ಹೊಗೆಯ ಇಲ್ಲಣ ಮಾಡಿಕೊಂಡು ಕೆಳಗಿಳಿದಳು. ಅವಳು ಅಳಲಿಲ್ಲ. “ಬರೋ ವರ್ಸನೂವೆ ಬತ್ತಾನೆ, ಅದರಾಚೆ ವರ್ಸನೂವೆ ಬತ್ತಾನೆ. ನಾನು ಎಷ್ಟು ಸಲ ಅಟ್ಟ ಅತ್ಲಿ ಯೋಳು,” ಎಂದು ನನ್ನನ್ನು ಕೇಳಿದಳು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಇನ್ನೊಂದು ಶ್ರಾವಣ ಬರುವುದರೊಳಗೆ ಆ ಮನುಷ್ಯ ತನಗೆ ಗಂಡನಲ್ಲವೆಂದು ಆಗಬೇಕು.

ಲಾಯರ್ ಹಿಡಿಯೋಣ ಎಂದು ಮೊದಲು ಹೇಳಿದವಳು ನಾನು. ಇಲ್ಲಿ ಒಂದು ತಮಾಷೆ ಇದೆ. ಹಿಂದಿನ ದಸರಾ ರಜೆಯಲ್ಲಿ ನಾನು ಕಾಲೇಜಿನ ಚರ್ಚಾಸ್ಪರ್ಧೆಗೆ ತಯಾರಿ ಮಾಡುತ್ತಿದ್ದೆ. ವಿಷಯ, ಹೊಸ ಹಿಂದೂ ವಿವಾಹ ಕಾನೂನು. ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದದ್ದು ವಿರೋಧಪಕ್ಷ. ಸಿಕ್ಕಿದ ಪಕ್ಷವನ್ನು ಗೆಲ್ಲಿಸುವುದೇ ವಿದ್ಯೆ ಎಂದು ನಂಬಿದ್ದ ನಾನು ನಮ್ಮ ಜಗಲಿಯ ಕಂಬವನ್ನೇ ಅಧ್ಯಕ್ಷರನ್ನಾಗಿ ಮಾಡಿಕೊಂಡು ದಿನವೂ ಭಾಷಣ ಹೊಡೆದಿದ್ದೆ, ಮೈಸೂರಿಗೆ ಹೋಗಿ ಬಹುಮಾನವನ್ನೂ ತಂದಿದ್ದೆ. ಅಪ್ಪ ಎತ್ತಿಗೆ ಹಗ್ಗ ಹೊಸೆಯುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದನೆಂದು ನನಗೆ ಗೊತ್ತಾದದ್ದು ಈಗ.

“ಲಾಯರ್ ಯಾಕವ್ವಾ? ಸಂಸಾರದ ಮಾತು ನ್ಯಾಯಾಧೀಶರ ಮುಂದೆ ವೋದ್ರೆ ಮತ್ತೆ ಮನೆಗೆ ಬರಾಕಿಲ್ಲ ಅಂತ ಕಂಬಕ್ಕೆ ಯೋಳ್ತಿದ್ದೋಳು ನೀನೇ ಅಲ್ವಾ?”

“ಅದು ಸ್ಪರ್ಧೆಗೆ ಹೇಳಿದ್ದು ಅಪ್ಪಾ.”

“ಬೌಮಾನ ಕೊಟ್ಟೋರು ನಿಜ ಅಂತಲ್ವಾ ಕೊಟ್ಟಿದ್ದು?”

“ಚೆನ್ನಾಗಿ ಮಾತಾಡಿದೆ ಅಂತ ಕೊಟ್ಟರು.”

“ಅಂಗಾರೆ ಈಗ್ಲೂ ಚೆನ್ನಾಗೇ ಮಾತಾಡ್ತಿದ್ದೀಯ, ಬುಡು,” ಎಂದು ಅವನು ಎದ್ದು ಹೋದ.

ಅವನ ನಿಜವಾದ ಅಡ್ಡಿ ಬೇರೆಯದು. ನಮ್ಮೂರಿನ ಅರಳಿಕಟ್ಟೆಯ ನ್ಯಾಯದಲ್ಲಿ ಅಪ್ಪನೇ ಯಜಮಾನ. ಸುತ್ತಲ ಹಳ್ಳಿಗಳ ಎಷ್ಟೋ ಗಂಡಹೆಂಡಿರನ್ನು ಅವನು ಕೂಡಿಸಿದ್ದ, ಕೆಲವರನ್ನು ಬಿಡಿಸಿಯೂ ಇದ್ದ. ಸ್ವಂತ ಮಗಳ ವಿಷಯಕ್ಕೆ ಹುಣಸೂರಿನ ಲಾಯರ್ ಮನೆಯ ಮೆಟ್ಟಿಲು ಹತ್ತಿದರೆ ನಾಳೆ ತನ್ನ ಕಟ್ಟೆಗೆ ಯಾರು ಬಂದಾರು ಎಂಬ ಅಳುಕು ಅವನಿಗೆ. ಇದನ್ನು ಅವನು ಬಾಯಿಬಿಟ್ಟು ಹೇಳಿದ್ದರೆ ನಾನು ವಾದ ಮಾಡಬಹುದಾಗಿತ್ತು. ಹೇಳಲಿಲ್ಲ.

ಬಿಡುಗಡೆಗೆ ನಮ್ಮವರಲ್ಲಿ ಒಂದು ಕ್ರಮವಿದೆ. ಯಜಮಾನರು ಒಂದು ವೀಳ್ಯದೆಲೆಯನ್ನು ನಡುನರದ ಉದ್ದಕ್ಕೆ ಸೀಳಿ, ಅರ್ಧವನ್ನು ಗಂಡನ ಕೈಗೂ ಅರ್ಧವನ್ನು ಹೆಣ್ಣಿನ ತಂದೆಯ ಕೈಗೂ ಕೊಡುತ್ತಾರೆ. ಇಬ್ಬರೂ ಹಿಡಿದರೆ ಬಿಡುಗಡೆ. ಒಬ್ಬ ಹಿಡಿಯದಿದ್ದರೂ ಮದುವೆ ಇದ್ದ ಹಾಗೇ ಇರುತ್ತದೆ. ಹೆಣ್ಣಿಗೆ ಆ ಎಲೆಯಲ್ಲಿ ಪಾಲಿಲ್ಲ, ಕಟ್ಟೆಯ ಮೇಲೆ ಮಾತೂ ಇಲ್ಲ.

ನ್ಯಾಯ ಸೇರಿದ್ದು ಭಾವನ ಊರಿನಲ್ಲಿ. ಅಕ್ಕನ ಪರವಾಗಿ ನೋಡಿಕೊಂಡು ಬರಲು ನಾನೂ ಹೋಗಿ ಹೆಂಗಸರ ಜೊತೆ ದೂರದಲ್ಲಿ ಕುಳಿತಿದ್ದೆ. ಆ ಊರಿನ ಯಜಮಾನರು ಎಲೆ ಸೀಳಿದರು. ಅಪ್ಪ ಕೈ ಚಾಚಿದ. ಭಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

“ನಾನು ಬುಡಾಕಿಲ್ಲ. ಬಂದು ಇರ್ಲಿ. ಉಣ್ಣಾಕೆ ಇಕ್ಕಾಕಿಲ್ಲ ಅಂದ್ನಾ? ಒಡೆದ್ನಾ? ಬೋದ್ನಾ?”

ನಾನು ಕುಳಿತಲ್ಲಿಂದಲೇ ಎದ್ದು, “ಅಕ್ಕನಿಗೆ ಬೇಕೋ ಬೇಡವೋ ಅಂತ ಯಾರಾದ್ರೂ ಕೇಳಿದ್ದೀರಾ?” ಎಂದೆ. ಯಜಮಾನರು ನನ್ನ ಕಡೆ ನೋಡದೆಯೇ, “ಕಾಲೇಜವ್ವಾ, ಬಿಸ್ಲು ಜಾಸ್ತಿ ಅದೆ, ಒಳೀಕೆ ವೋಗು,” ಎಂದರು. ಹೆಂಗಸರೂ ನಕ್ಕರು. ನ್ಯಾಯ ಇನ್ನೊಂದು ದಿನಕ್ಕೆ ಮುಂದೆ ಹೋಯಿತು.

ಆಮೇಲೆ ಊಟ. ಜಗಳ ಎಷ್ಟಿದ್ದರೂ ನ್ಯಾಯಕ್ಕೆ ಬಂದ ಬೀಗರನ್ನು ಉಪವಾಸ ಕಳಿಸುವ ರೂಢಿ ನಮ್ಮಲ್ಲಿಲ್ಲ. ಭಾವನ ಮನೆಯಲ್ಲೇ ಮುದ್ದೆ, ಉಪ್ಸಾರು ಉಂಡೆವು. ಅಕ್ಕನ ಅತ್ತೆಯೇ ಬಡಿಸಿದರು. ಮಾತು ಕಡಿಮೆಯ, ಗಟ್ಟಿ ಮೂಳೆಯ ಹೆಂಗಸು. ಹೊರಡುವಾಗ ತಟ್ಟೆಯಲ್ಲಿ ಎಲೆ ಅಡಿಕೆ ತಂದು ಅಪ್ಪನ ಮುಂದೆ ಹಿಡಿದರು. ಬೀಗರ ಮನೆಯಲ್ಲಿ ಉಂಡೆದ್ದಾಗಲೆಲ್ಲ ತೆಗೆದುಕೊಂಡ ಹಾಗೆ ಅಪ್ಪ ತೆಗೆದುಕೊಂಡ, ಬಾಯಿಗೆ ಹಾಕಿಕೊಂಡ, ಗಾಡಿ ಹತ್ತಿದ.

ವಾರದೊಳಗೆ ಭಾವನ ಕಡೆಯಿಂದ ಹೇಳಿಕೆ ಬಂತು. ನ್ಯಾಯದ ದಿನ ನಮ್ಮ ಮನೆಯ ತಾಂಬೂಲ ತೆಗೆದುಕೊಂಡಿದ್ದೀರಿ, ಅಂದರೆ ಮಗಳನ್ನು ಕಳಿಸಲು ಒಪ್ಪಿದ ಹಾಗಾಯಿತು, ಗೌರಿಹಬ್ಬ ಕಳೆದ ಮೇಲೆ ಗಾಡಿ ಬರುತ್ತದೆ.

ಹೊರಗಿನವರಿಗೆ ಇದು ಹುಡುಗಾಟಿಕೆಯಾಗಿ ಕಾಣಬಹುದು. ನ್ಯಾಯ ನಡೆಯುತ್ತಿರುವಾಗ ಎದುರಾಳಿಯ ಕೈಯಿಂದ ತಾಂಬೂಲ ತೆಗೆದುಕೊಂಡವನು ಅವನ ಮಾತಿಗೆ ಒಪ್ಪಿದಂತೆಯೇ ಎಂಬುದು ನಮ್ಮ ಕಟ್ಟೆಗಳ ನಿಯಮ. ಅಪ್ಪನೇ ಎಷ್ಟೋ ಜನರಿಗೆ ಆ ನಿಯಮ ಹೇಳಿ ಬಾಯಿ ಕಟ್ಟಿದ್ದಾನೆ. ಊಟವಾದ ಮೇಲೆ ಬೀಗಿತ್ತಿ ಕೊಟ್ಟದ್ದೆಂದು ಕೈ ತಾನಾಗಿ ಮುಂದೆ ಹೋಗಿತ್ತು.

“ಅದು ಊಟದ ತಾಂಬೂಲ ಅಪ್ಪಾ, ನ್ಯಾಯದ್ದಲ್ಲ. ಕಟ್ಟೆಯ ಮೇಲೆ ಕೊಟ್ಟದ್ದಲ್ಲ, ಮನೆಯೊಳಗೆ ಕೊಟ್ಟದ್ದು. ಕೊಟ್ಟವರು ಭಾವನೂ ಅಲ್ಲ,” ಎಂದು ನಾನು ಬೆರಳು ಮಡಚಿ ಮಡಚಿ ವಾದಿಸಿದೆ.

“ಇದ್ನೇ ಬೇರೇರು ಯೋಳ್ದಾಗ ನಾನು ಕೇಳ್ನಿಲ್ಲ ಕಣವ್ವಾ. ನನ್ ಮಗ್ಳು ಅಂತ ಈಗ ಕೇಳ್ಲಾ?” ಎಂದ ಅಪ್ಪ. ಅವನಷ್ಟು ಪ್ರಾಮಾಣಿಕನಾಗಿರದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಆವತ್ತು ಮೊದಲ ಬಾರಿಗೆ ಅಂದುಕೊಂಡೆ.

ಹೆಗ್ಗಡದೇವನಕೋಟೆಯ ಚಿಕ್ಕಪ್ಪನ ಮನೆಗೆ ಅಕ್ಕನನ್ನು ಕಳಿಸಿಬಿಡೋಣ, ಕಾಡಿನ ಅಂಚಿನ ಊರು, ಯಾರು ಹುಡುಕಿಕೊಂಡು ಹೋಗುತ್ತಾರೆ ಎಂದೆ. ಅಕ್ಕ ಸೊಪ್ಪು ಸೋಸುತ್ತಿದ್ದವಳು ತಲೆಯೆತ್ತಲಿಲ್ಲ. “ಅಲ್ಲೂ ಅಟ್ಟ ಇರ್ತದೆ ಕಣೇ,” ಎಂದಳು.

ಹಬ್ಬಕ್ಕೆ ಮುಂಚಿನ ಭಾನುವಾರ ಅಕ್ಕನ ಅತ್ತೆ ಒಬ್ಬರೇ ಬಂದರು. ಪಿರಿಯಾಪಟ್ಟಣದಿಂದ ಬಸ್ಸಿನಲ್ಲಿ ಹುಣಸೂರಿಗೆ ಬಂದು, ಅಲ್ಲಿಂದ ನಮ್ಮ ಕಡೆ ಬರುವ ಯಾರದೋ ಗಾಡಿ ಹತ್ತಿದ್ದರು. ಕರೆದುಕೊಂಡು ಹೋಗಲು ಬಂದಿದ್ದಾರೆಂದೇ ನಾವೆಲ್ಲ ತಿಳಿದೆವು. ಅಕ್ಕ ಏಣಿಯ ಕಡೆ ನೋಡಿದಳು. ಅವರು ಅದನ್ನು ಕಂಡರು.

“ಅತ್ಬ್ಯಾಡ ಕಣವ್ವಾ, ಕೂತ್ಕೊ. ನಾನೇನ್ ಗಾಡಿ ತಂದಿಲ್ಲ,” ಎಂದು ತಾವೇ ಚಾಪೆ ಎಳೆದುಕೊಂಡು ಕುಳಿತರು. ಆಮೇಲೆ ಅಪ್ಪನ ಕಡೆ ತಿರುಗಿ, “ಬೀಗ್ರೇ, ಆ ತಟ್ಟೆ ಕೊಟ್ಟೋಳು ನಾನು. ಉಂಡ ಬೀಗರಿಗೆ ಅಂತ ಕೊಟ್ಟೆ. ನನ್ ಮಗ ಅದ್ರ ಮ್ಯಾಲೆ ಮಾತು ಕಟ್ಟವ್ನೆ. ನನ್ ಕೈನೇ ಗಾಳ ಮಾಡ್ಕಂಡ ಅಂತ ನಂಗೆ ಆಮ್ಯಾಕೆ ಗೊತ್ತಾಯ್ತು,” ಎಂದರು.

ಅಪ್ಪನ ಮುಖ ಸ್ವಲ್ಪ ಸಡಿಲವಾಯಿತು. “ಅಂಗಾರೆ ಕಟ್ಟೆ ಮ್ಯಾಲೆ ಬಂದು ಇದ್ನೇ ಯೋಳ್ಬುಡಿ ಬೀಗಿತ್ತಿ. ನಾನು ಉಳ್ಕತ್ತೀನಿ.”

“ಕಟ್ಟೆ ಮ್ಯಾಲೆ ಎಂಗಸ್ರ ಮಾತು ಯಾವತ್ತು ನಡೆದದೆ? ಅದಿರ್ಲಿ, ನಿಮ್ ಕಟ್ಟೇಲಿ ನಡೆದದಾ?”

ಅಪ್ಪ ಹೆಗಲ ಮೇಲಿನ ಟವಲು ತೆಗೆದು ಮಡಚತೊಡಗಿದ. ಮೈಸೂರಿನ ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ನಾನು ಕೇಳಿದ ಯಾವ ಪ್ರಶ್ನೆಯೂ ಎದುರಿನವರನ್ನು ಹೀಗೆ ಕೂರಿಸಿರಲಿಲ್ಲ. ಅತ್ತೆ ನನ್ನ ಕಡೆ ತಿರುಗಿದರು.

“ಓದ್ದೋಳು ನೀನು ಯೋಳವ್ವಾ. ಕೋಲ್ಟಲ್ಲಿ ಎಂಗಸ್ರು ಸಾಕ್ಸಿ ಯೋಳ್ಬೋದಾ?”

“ಹೇಳಬಹುದು ಅತ್ತೆ.”

“ಗಂಡಸ್ರು ಯೋಳ್ದಷ್ಟೇ ತೂಕ್ವಾ?”

“ಅಷ್ಟೇ ತೂಕ.”

“ಅಂಗಾರೆ ಲಾಯರ್ರನ್ನೇ ಇಡೀರಿ ಬೀಗ್ರೇ.”

ನನಗೆ ಸಂತೋಷವಾಗಬೇಕಾಗಿತ್ತು. ಅನುಮಾನವಾಯಿತು. ಎದುರಾಳಿ ಪಕ್ಷ ನಮ್ಮ ವಾದವನ್ನು ಒಪ್ಪಿಕೊಂಡಾಗ ಇನ್ನಷ್ಟು ಎಚ್ಚರವಾಗಿರಬೇಕೆಂಬುದು ಚರ್ಚಾಕೂಟದ ರೂಢಿ. ಅಪ್ಪ ಕಣ್ಣು ಬಿಡುತ್ತಿದ್ದರೂ ಕೇಳಿಯೇಬಿಟ್ಟೆ: “ಇದರಿಂದ ನಿಮಗೇನು ಲಾಭ ಅತ್ತೆ?”

“ಲಾಬವಾ?” ಅವರು ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿದರು. ಹೊಗೆಸೊಪ್ಪಿನ ಅಂಟು ಗೆರೆಗೆರೆಗೂ ಇಳಿದು ಕಪ್ಪಾಗಿತ್ತು. “ಇವ್ಳು ಇಲ್ಲಿಗೆ ಬಂದ್ಮ್ಯಾಕೆ ಕಡ್ಡಿಗೆ ಸೊಪ್ಪು ಕಟ್ಟೋಳು ನಾನೇಯ. ಇವ್ಳು ವಾಪಸ್ ಬಂದ್ರೆ ನಂಗೆ ಬಿಡುವು. ಇದ್ರಲ್ಲಿ ಲಾಬ ಎಲ್ಲದೆ, ನೀನೇ ಉಡುಕು.”

ಊರಿನವರ ಕತೆಯಲ್ಲಿ ಈ ಅಂಗೈಗಳಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಅಪ್ಪ ಆವತ್ತು ಸಂಜೆಯವರೆಗೂ ಗದ್ದೆಯ ಕಡೆ ಹೋಗಿದ್ದ. ತಿರುಗಿ ಬಂದು ಕೈಕಾಲು ತೊಳೆದು, “ನಾಳೀಕೆ ಉಣಸೂರಿಗೆ ಓಗಾನ. ಕೇಳ್ಕಂಡು ಬರಾದು. ಇಡಿಯೋದು ಬುಡೋದು ಆಮ್ಯಾಕೆ,” ಎಂದ. ಬೆಳಿಗ್ಗೆ ಹೊಸ ರುಮಾಲು ಸುತ್ತಿಕೊಂಡ. ಹೆಣ್ಣು ನೋಡಲು ಹೊರಟವನ ಹಾಗೆ ಕಾಣುತ್ತಿದ್ದಾನೆ ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿ ನಕ್ಕಳು. ಎಷ್ಟೋ ದಿನವಾಗಿತ್ತು ಅವಳು ನಕ್ಕು.

ಲಾಯರು ಪೇಟೆಯ ಹಿಂದಿನ ಬೀದಿಯಲ್ಲಿ, ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕಛೇರಿ ಇಟ್ಟುಕೊಂಡಿದ್ದರು. ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿತ್ತು. ನಾವು ನಾಲ್ವರೂ ಒಟ್ಟಿಗೆ ಒಳಗೆ ಹೋದಾಗ ಒಬ್ಬೊಬ್ಬರೂ ಯಾರೆಂದು ಕೇಳಿ ತಿಳಿದುಕೊಂಡರು. ಹುಡುಗನ ತಾಯಿ ಹುಡುಗಿಯ ಕಡೆಯವರ ಜೊತೆ ಬಂದಿದ್ದಾರೆ ಎಂದಾಗ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು.

“ಮೊದಲೇ ಹೇಳ್ತೀನಿ ಯಜಮಾನರೇ,” ಎಂದರು ಅಪ್ಪನಿಗೆ. “ನಿಮ್ಮ ಕಟ್ಟೆಯ ಬಿಡುಗಡೆಯನ್ನ ಹೊಸ ಕಾನೂನು ತೆಗೆದುಹಾಕಿಲ್ಲ. ರೂಢಿಯಲ್ಲಿದ್ದರೆ ಅದೂ ನಡೆಯುತ್ತೆ. ಆ ಹುಡುಗ ಅಲ್ಲಿ ಎಲೆ ಹಿಡಿಯೋದಾದರೆ ನನ್ನನ್ನ ಹಿಡಿಯಬೇಡಿ. ನಿಮಗೂ ಅಲೆದಾಟ ತಪ್ಪುತ್ತೆ.”

“ಇಡಿಯಾಕಿಲ್ಲ ಸಾಮಿ.”

“ಹಾಗಾದರೆ ಕೇಳಿ. ಈ ಕಾನೂನು ಬರೋಕೆ ಮುಂಚೆಯೇ ಗಂಡ ಇನ್ನೊಬ್ಬಳನ್ನ ಮದುವೆಯಾಗಿದ್ದು, ಆಕೆ ಈಗಲೂ ಬದುಕಿದ್ದರೆ, ಮೊದಲ ಹೆಂಡತಿ ಬಿಡುಗಡೆ ಕೇಳಬಹುದು. ಇದಕ್ಕೆ ಗಂಡನ ಒಪ್ಪಿಗೆ ಬೇಕಿಲ್ಲ. ಆದರೆ ಎರಡನೇ ಮದುವೆ ನಡೆಯಿತು ಅನ್ನೋದಕ್ಕೆ ಸಾಕ್ಷಿ ಬೇಕು. ಅರ್ಜಿ ಮೈಸೂರಿನ ಜಿಲ್ಲಾ ಕೋರ್ಟಿಗೆ ಹೋಗುತ್ತೆ, ಸಾಕ್ಷಿ ಹೇಳೋರು ಅಲ್ಲಿಗೇ ಬರಬೇಕು. ಆ ಊರಿನವರು ಯಾರು ಬರ್ತಾರೆ?”

“ಊರೋರ್ಯಾಕೆ?” ಎಂದರು ಅತ್ತೆ. “ಎರಡ್ನೇ ಎಣ್ಣಿಗೆ ಆರತಿ ಎತ್ತಿ ಒಳೀಕೆ ಕರ್ಕಂಡೋಳು ನಾನೇಯ.”

“ಮಗನ ಎದುರಿಗೆ ನಿಂತು ಹೇಳಬೇಕಾಗುತ್ತೆ ತಾಯಿ.”

“ಆರತಿ ಎತ್ತಿದ್ದೂ ಅವನೆದ್ರಿಗೇಯ.”

ಲಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಅಪ್ಪನನ್ನೂ ಬಿಟ್ಟು, ನನ್ನನ್ನೂ ಬಿಟ್ಟು, ಬಾಗಿಲ ಬಳಿ ನಿಂತಿದ್ದ ಅಕ್ಕನನ್ನು ಕೇಳಿದರು: “ನೀವು ಹೇಳಿಯಮ್ಮಾ. ನಿಮಗೇನು ಬೇಕು?”

ಹೆಣ್ಣು ನೋಡಲು ಬಂದ ದಿನದಿಂದ ಅಲ್ಲಿಯವರೆಗೆ ಅವಳನ್ನು ಆ ಮಾತು ಕೇಳಿದವರಲ್ಲಿ ಅವರೇ ಮೊದಲಿಗರು ಎಂದು ಅಕ್ಕ ಈಗಲೂ ಹೇಳುತ್ತಾಳೆ. ನಾನು ಅವಳ ಪರವಾಗಿ ಬಾಯಿ ತೆರೆದೆ. ಅತ್ತೆ ನನ್ನ ತೋಳು ಚಿವುಟಿದರು.

“ಗಾಡಿ ಸದ್ದು ಕೇಳ್ದಾಗ ನಾನು ಅಟ್ಟ ಅತ್ಬಾರ್ದು ಸಾಮಿ,” ಎಂದಳು ಅಕ್ಕ. “ಅಷ್ಟೇಯ.”

ಲಾಯರ ಹೆಂಡತಿ ಒಳಗಿನಿಂದ ಕಾಫಿ ಕಳಿಸಿದ್ದರು. ಅಪ್ಪ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕುಳಿತಿದ್ದ. ಇಲ್ಲಿ ಕುಡಿದರೆ ಯಾವುದಕ್ಕೆ ಒಪ್ಪಿದ ಹಾಗಾಗುತ್ತದೋ ಎಂದು ಅವನು ಯೋಚಿಸುತ್ತಿದ್ದಂತೆ ನನಗೆ ಅನ್ನಿಸಿ ನಗು ಬಂತು, ತಡೆದುಕೊಂಡೆ. ಕೊನೆಗೆ ಅವನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟ.

“ಬರ್ಕಳಿ ಸಾಮಿ. ರುಜು ಮಾತ್ರ ನನ್ ಕೈಲಿ ಬ್ಯಾಡ, ಅವ್ಳ ಕೈಲೇ ಆಕ್ಸಿ.”

ಅಕ್ಕ ಅಕ್ಷರ ಕೂಡಿಸಿ ಕೂಡಿಸಿ ತನ್ನ ಹೆಸರು ಬರೆದಳು. ಆವತ್ತಿನಿಂದ ನಾನು ಅಪ್ಪನ ಜೊತೆ ವಾದ ಮಾಡುವಾಗ ಸ್ವಲ್ಪ ದನಿ ತಗ್ಗಿಸುತ್ತೇನೆ. ಅವನು ಹೆದರಿದ ಹಾಗೆಯೇ ಆಯಿತು. ಗಂಡಹೆಂಡಿರ ಜಗಳಗಳು ಅವನ ಕಟ್ಟೆಗೆ ಬರುವುದು ಕಡಿಮೆಯಾಯಿತು. ಬದುವಿನ ಜಗಳ, ದನ ನುಗ್ಗಿದ ಜಗಳಗಳಷ್ಟೇ ಉಳಿದವು. ಅದರ ಬಗ್ಗೆ ಅವನು ಅಕ್ಕನ ಎದುರಿಗೆ ಒಂದು ದಿನವೂ ಒಂದು ಮಾತೂ ಆಡಿಲ್ಲ.

ಗೌರಿಹಬ್ಬ ಕಳೆದು ಬಂದ ಗಾಡಿಯನ್ನು, ವಿಷಯ ಕೋರ್ಟಿನಲ್ಲಿದೆ ಎಂದು ಹೇಳಿ ಅಪ್ಪನೇ ತಿರುಗಿಸಿ ಕಳಿಸಿದ. ಮುಂದಿನ ಶ್ರಾವಣಕ್ಕೆ ಗಾಡಿ ಬರಲೇ ಇಲ್ಲ. ಕೋರ್ಟಿನಲ್ಲಿ ಅತ್ತೆ ಹೇಳಿದ್ದು ಬಹಳ ಚಿಕ್ಕದು. ಭಾವನ ವಕೀಲರು, ಈ ಮುದುಕಿಗೆ ಸೊಸೆಯ ಕಡೆಯವರು ಆಸೆ ತೋರಿಸಿದ್ದಾರೆ ಎಂಬ ಅರ್ಥದಲ್ಲಿ ಸುತ್ತಿ ಬಳಸಿ ಕೇಳಿದರು. “ಮದ್ವೆ ಆಗ್ಯದೆ ಅಂತೀನಿ, ಆಗಿಲ್ಲ ಅಂತ ನನ್ ಮಗನೇ ಯೋಳ್ಳಿ ನೋಡಾನ,” ಎಂದು ಅತ್ತೆ ಭಾವನನ್ನು ನೋಡಿದರು. ಭಾವ ನೆಲ ನೋಡಿದ. ಅಲ್ಲಿಗೆ ಮುಗಿಯಿತು. ಹೊರಗೆ ಬಂದ ಮೇಲೆ ಅವನು ತಾಯಿಗೆ ಏನೇನೋ ಕೂಗಾಡಿದ. ಅವರು ಸೆರಗು ಸರಿಮಾಡಿಕೊಂಡು ಬಸ್ಸಿನ ಹೊತ್ತು ಕೇಳಿದರು. ತೀರ್ಪು ಬರಲು ಮತ್ತೆ ತಿಂಗಳುಗಳೇ ಹಿಡಿದವು. ಬಂತು.

ಅಕ್ಕ ಈಗ ಹುಣಸೂರಿನಲ್ಲಿ ಒಬ್ಬ ದರ್ಜಿ ಸಾಬರ ಹೆಂಡತಿಯ ಬಳಿ ಹೊಲಿಗೆ ಕಲಿಯುತ್ತಿದ್ದಾಳೆ. ಕೃಷ್ಣರಾಜನಗರದ ಕಡೆಯಿಂದ ಒಂದು ಸಂಬಂಧ ಬಂದಿದೆ. ಅವಳು ಒಪ್ಪುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಅಪ್ಪ ಅವಳನ್ನೇ ಕೇಳಿದ್ದಾನೆ, ಅವಳು ಯೋಚನೆ ಮಾಡಿ ಹೇಳುತ್ತೇನೆ ಎಂದಿದ್ದಾಳೆ.

ತೀರ್ಪು ಬಂದ ಸುದ್ದಿ ತಿಳಿದು ಅತ್ತೆ ಒಂದು ದಿನ ಹುಣಸೂರಿಗೆ ಬಂದು ಹೋದರು. ಅಕ್ಕನ ಕೈಯಲ್ಲಿ ಹೊಲಿಸಿಕೊಂಡ ಮೊದಲ ರವಿಕೆ ಅವರದೇ. ಹಿಂತಿರುಗುವಾಗ ಬಸ್ಸಿನವರೆಗೆ ಬಿಡಲು ನಾನು ಹೋದೆ. ದೇವಸ್ಥಾನಗಳಲ್ಲಿ ಕೈ ಮುಗಿಯದಿರುವುದನ್ನು ಒಂದು ಸಿದ್ಧಾಂತ ಮಾಡಿಕೊಂಡಿರುವ ನಾನು ಅಲ್ಲಿ, ಧೂಳಿನಲ್ಲಿ, ಅವರ ಕಾಲು ಮುಟ್ಟಿದೆ. “ಥೂ, ಏಳವ್ವಾ, ಜನ ನೋಡ್ತಾರೆ,” ಎಂದರು. ಅವರು ಹೋಗುತ್ತಿದ್ದದ್ದು ಅದೇ ಮಗನ ಮನೆಗೆ, ಅದೇ ಬ್ಯಾರನ್ನಿಗೆ. ಎರಡನೆಯವಳಿಗೆ ಗಂಡುಮಗು ಹುಟ್ಟಿ ಆಗ ತಿಂಗಳಾಗಿತ್ತು.

ಊರಿನವರು ಹೇಳುವುದರಲ್ಲಿ ಮಿಕ್ಕ ಎಲ್ಲಕ್ಕೂ ನನ್ನ ಬಳಿ ಉತ್ತರವಿದೆ. ಮಕ್ಕಳಾಗದ ಸೊಸೆ ಎಂಬ ಒಂದು ಮಾತಿಗೆ ಮಾತ್ರ ಇಲ್ಲ. ಆ ಉತ್ತರ ಅತ್ತೆಯೊಬ್ಬರ ಬಳಿಯೇ ಇತ್ತು. ಉಪಕಾರ ಮಾಡಿದವರನ್ನು ಹೀಗೆ ಕೇಳಬಾರದೆಂದು ಗೊತ್ತಿದ್ದೂ, ಅವರು ಕಿಟಕಿಯ ಪಕ್ಕ ಕುಳಿತ ಮೇಲೆ, ಬಸ್ಸು ಹೊರಡುವ ಮುಂಚೆ ಕೇಳಿದೆ:

“ಅತ್ತೆ, ಆ ಮಗೂನ ಅಕ್ಕನೇ ಹೆತ್ತಿದ್ದರೂ ನೀವು ನಮ್ಮ ಜೊತೆ ಲಾಯರ್ ಮನೆಗೆ ಬರ್ತಿದ್ರಾ?”